ಹೊರಬೀಡಿನ ದಿನ ಹೋದ ರಾಜಧಾನಿ

"ಅಯ್ಯೋ, ಆ ಮೂರನೇ ಪ್ರಶ್ನೆ ಕಥೆ ಆಮೇಲೆ ಹೇಳೇ ಹಂಸಾ, ಮೊದ್ಲು ಇದು ಕೇಳು. ನಿನ್ನ ರಾಜಧಾನಿ ಹೋಯ್ತಂತೆ!"

"ಎಲ್ಲಿಗೆ ಹೋಯ್ತು?"

"ಎಲ್ಲಿಗೆ ಹೋಗುತ್ತೆ, ಕೊಟ್ರೇಶನ ಕೈಗೆ!"

ನಾನು ನಕ್ಬಿಟ್ಟೆ. ಇಂಟರ್ನಲ್ಸ್ ಮುಗಿಸಿ ಕಾರಿಡಾರಲ್ಲಿ ನಿಂತಿದ್ವಿ, ಕೈಯಲ್ಲಿ ಇನ್ನೂ ಕ್ವೆಶ್ಚನ್ ಪೇಪರ್ ಇತ್ತು. ಮುಬೀನಾ ನನ್ನ ಲ್ಯಾಬ್ ಪಾರ್ಟ್ನರ್. ಸುಳ್ಳು ಹೇಳೋವಾಗ ಅವಳಿಗೇ ಮೊದ್ಲು ನಗು ಬರುತ್ತೆ. ಇವತ್ತು ಬರ್ಲಿಲ್ಲ. ಆಗ ಗೊತ್ತಾಯ್ತು ನಂಗೆ, ಇದು ನಿಜ ಅಂತ.

ಮೂರು ಮಹಡಿ ಹೆಂಗೆ ಹತ್ತಿದ್ನೋ ನೆನಪಿಲ್ಲ.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ನಮ್ಮ ಕಾಲೇಜಿನ ಮೂರನೇ ಮಹಡಿ ಲ್ಯಾಬಲ್ಲಿ 'ನಾಡು' ಅಂತ ಒಂದು ಆಟ ನಡೆಯುತ್ತೆ. ನೋಡೋಕೆ ಎಲ್ಲ ಸ್ಟ್ರಾಟಜಿ ಗೇಮ್ ಥರಾನೇ. ಕೋಟೆ ಕಟ್ಟು, ಕಣಜ ತುಂಬು, ಸೈನ್ಯ ಸಾಕು, ಪಕ್ಕದೋನ ಮೇಲೆ ಬೀಳು. ಆದ್ರೆ ಬೇರೆ ಆಟದಲ್ಲಿ ಜನ ಅಂದ್ರೆ ಸ್ಕ್ರೀನ್ ಮೂಲೆಲಿರೋ ಒಂದು ನಂಬರ್ ಅಷ್ಟೇ. ಇಲ್ಲಿ ಹಂಗಲ್ಲ. ಒಬ್ಬೊಬ್ಬರಿಗೂ ಒಂದೊಂದು ನೆನಪಿನ ಗಂಟಿದೆ. ಯಾರ ಜೊತೆ ಜಗಳ ಆಡಿದ್ರು, ಯಾರ ಮನೆ ಸಾರು ಚೆನ್ನಾಗಿತ್ತು, ಯಾವ ಬಾವಿ ನೀರು ಸಿಹಿ, ಎಲ್ಲ ಅದ್ರಲ್ಲಿ ಕಟ್ಟಿಟ್ಕೊಳ್ತಾರೆ. ಅವರ ಒಂದು ತಿಂಗಳು ನಮಗೆ ಒಂದು ದಿನ. ದಿನಾ ಸಂಜೆ ನಾಲ್ಕಕ್ಕೆ ಐದು ಜನ ಬಂದು ದೊರೆಗೆ ಪ್ರಶ್ನೆ ಕೇಳ್ತಾರೆ, ನಾವು ಮೈಕಲ್ಲಿ ಉತ್ತರ ಹೇಳ್ಬೇಕು. ಆ ಉತ್ತರ ಬಾಯಿಂದ ಬಾಯಿಗೆ ಹೋಗಿ, ಉಪ್ಪು ಖಾರ ಸೇರ್ಕೊಂಡು, ಕೊನೆಗೆ ಊರಿನ ಪದ್ಧತಿನೇ ಆಗ್ಬಿಡುತ್ತೆ. ನಾನು ಒಂದ್ಸಲ ಆಕಳಿಸ್ತಾ "ಸೋಮವಾರ ಯಾರಿಗ್ರೀ ಇಷ್ಟ" ಅಂದಿದ್ದೆ. ಅಷ್ಟಕ್ಕೇ ನನ್ನ ರಾಜಧಾನಿ ಹೊಂಬಾಳಲ್ಲಿ ಸೋಮವಾರದ ಸಂತೆ ನಿಂತೇಹೋಯ್ತು!

ಎಂಟು ತಿಂಗಳಿಂದ ಆಡ್ತಿದೀನಿ. ಅಂದ್ರೆ ಅವರಿಗೆ ಇಪ್ಪತ್ತು ವರ್ಷ. ನನ್ನ ಜನ ನಾಲ್ಕು ಸಾವಿರದ ಮುನ್ನೂರ ಹನ್ನೆರಡು.

ಲ್ಯಾಬ್ ಬಾಗಿಲು ತಳ್ಳಿದ್ರೆ ದೊಡ್ಡ ಸ್ಕ್ರೀನಲ್ಲಿ ನನ್ನ ಹೊಂಬಾಳು. ಕೋಟೆ ಮೇಲೆ ನಮ್ಮ ಕ್ಲಾಸಿನ ಕೊಟ್ರೇಶನ ಕೆಂಪು ಬಾವುಟ, ಆಟದಲ್ಲಿ ಇನ್ನೊಂದು ನಾಡಿನ ದೊರೆ ಅವನು. ಒಂದು ಕಲ್ಲು ಬಿದ್ದಿಲ್ಲ, ಒಂದು ಹುಲ್ಲು ಸುಟ್ಟಿಲ್ಲ. ಮನೆಮನೆಯಲ್ಲೂ ದೀಪ ಉರೀತಿದೆ. ಒಳಗೆ ನನ್ನೋರು ಒಬ್ರೂ ಇಲ್ಲ.

"ಇದೇನು ಹಂಸವೇಣಿ?" ಅಂದ್ರು ನೀಲಗುಂದ ಮೇಡಂ. ಆಟ ಬರೆದೋರು ಅವರೇ. ಕನ್ನಡಕ ತಲೆ ಮೇಲೆ ಏರಿಸಿದ್ರೆ ಅವರಿಗೆ ಏನೋ ಅರ್ಥ ಆಗಿಲ್ಲ ಅಂತ. "ಯುದ್ಧನೇ ಆಗಿಲ್ಲ. ಕೋಟೆಯ ಅಗಸೆ ಬಾಗಿಲು ತೆಗೆದಿತ್ತು. ಕಾವಲಿನೋರು ಇಲ್ಲ. ನಾಯಿ ಕೂಡ ಇಲ್ಲ. ಎಲ್ಲಿಗೆ ಹೋಗಿದ್ರು ನಿನ್ನ ಜನ?"

ನಾನು ತಲೆ ತಗ್ಗಿಸಿ ಹೇಳಿದೆ, "ಹೊರಬೀಡಿಗೆ, ಮೇಡಂ."

ಮೇಡಂ ಕಡಲ ಕಡೆಯೋರು, ಅವರಿಗೆ ಗೊತ್ತಿರ್ಲಿಲ್ಲ. ನಮ್ಮ ಕಡೆ ಊರಿಗೆ ಏನಾದ್ರೂ ರೋಗ ರುಜಿನ ಬಂದ್ರೆ, ಇಲ್ಲಾ ಬರಬಾರ್ದು ಅಂತ, ಒಂದಿನ ಇಡೀ ಊರೇ ಮನೆ ಬಿಡುತ್ತೆ. ಮನೆ ಸಾರಿಸಿ, ದೀಪ ಹಚ್ಚಿ, ದನ ಕರು ಕೋಳಿ ನಾಯಿ ಎಲ್ಲ ಹೊಡ್ಕೊಂಡು ಊರಾಚೆ ಬಯಲಿಗೆ ಹೋಗ್ತಾರೆ. ದಾರಿಗೆ ಮುಳ್ಳು ಬೇಲಿ ಎಳೀತಾರೆ. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ಹರಟೆ. ಸಂಜೆ ವಾಪಸ್ ಬಂದು ಹೊಸ್ತಿಲು ದಾಟಿದ್ರೆ ಹೊರಬೀಡು ಮುಗೀತು. ಅಲ್ಲಿವರೆಗೂ ಊರೊಳಗೆ ಒಂದು ನರಪಿಳ್ಳೆ ಇರಬಾರ್ದು. ಯಾರೂ ಕಾಯಲ್ಲ, ಯಾಕಂದ್ರೆ ಹೊರಬೀಡು ಬಿಟ್ಟ ಊರಿಗೆ ಕಳ್ಳನೂ ಕಾಲಿಡಲ್ಲ. ನಮ್ಮಜ್ಜಿ ಹಂಗಂತಾಳೆ.

ಆಟದಲ್ಲಿ ಜ್ವರ ಬಂದಾಗ ಹೊಂಬಾಳಿನ ಕುಂಬಾರ್ತಿ ಬಾಳವ್ವ ಕೇಳಿದ್ಲು, ಏನು ಮಾಡೋದು ಅಂತ. ನಾನು ಅಜ್ಜಿ ಹೇಳಿದ್ದನ್ನೇ ಹೇಳಿದೆ. ಜ್ವರ ಹೋಯ್ತು. ಜನ ದೂರ ದೂರ ಕೂತ್ರೆ ಹೋಗ್ಲೇಬೇಕಲ್ಲ! ಅವರು ಮಾತ್ರ ವರ್ಷಾ ವರ್ಷಾ ಹೊರಡೋಕೆ ಶುರು ಮಾಡಿದ್ರು. ಹಿಂದಿನ ಎರಡು ಸಲ ಏನೂ ಆಗ್ಲಿಲ್ಲ, ಆಗ ಕೊಟ್ರೇಶನ ಗಡಿ ದೂರ ಇತ್ತು. ಹೋದ ವಾರ ಪಕ್ಕಕ್ಕೇ ಬಂದಿದ್ದ. ಅದು ನನ್ನ ತಲೆಗೇ ಹೋಗ್ಲಿಲ್ಲ.

ಅಷ್ಟರಲ್ಲಿ ಕೊಟ್ರೇಶ ಬಾಗಿಲಲ್ಲಿ ಇಣುಕಿದ. ಉದ್ದ ಕಾಲು, ಹೆಗಲ ಮೇಲೆ ಕ್ರಿಕೆಟ್ ಬ್ಯಾಟು.

"ಲೇ, ನಿಮ್ಮೂರಲ್ಲೂ ಹೊರಬೀಡು ಮಾಡ್ತಾರಲ್ಲೋ! ಗೊತ್ತಿಲ್ವೇನೋ ನಿಂಗೆ?" ಅಂತ ಕೂಗಿದೆ.

"ನಂಗೊತ್ತು ಮಾರಾಯ್ತಿ. ನನ್ನ ಸೈನ್ಯಕ್ಕೆ ಗೊತ್ತಿಲ್ಲ!" ಅಂದ. "ನಾನೂ ಇಂಟರ್ನಲ್ಸಲ್ಲಿ ಇದ್ನಲ್ಲ. ಬಾಗಿಲು ತೆಗೆದಿತ್ತು, ಯಾರೂ ಇರ್ಲಿಲ್ಲ, ನನ್ನ ಸೇನಾಪತಿ ಒಳಗೆ ಹೋದ. ಪಾಪ, ಅರ್ಧ ಗಂಟೆ 'ಯಾರಿದೀರಾ, ಯಾರಿದೀರಾ' ಅಂತ ಕೂಗಿದಾನೆ."

ಮುಬೀನಾಗೆ ಆಗ ನಗು ಬಂತು ನೋಡಿ.

ಮೇಡಂ ನಗ್ಲಿಲ್ಲ. "ನಿಯಮ ಗೊತ್ತಲ್ವಾ ಹಂಸವೇಣಿ? ರಾಜಧಾನಿ ಹೋದ್ರೆ ಆರು ದಿನ, ಇವತ್ತೂ ಸೇರಿ. ಅಷ್ಟರೊಳಗೆ ನೂರಕ್ಕೆ ಅರವತ್ತೇಳು ಜನ ಯಾವುದಾದ್ರೂ ಒಂದು ಜಾಗಕ್ಕೆ 'ನಮ್ಮೂರು' ಅನ್ಬೇಕು. ನೀನು ಹೇಳಿಕೊಟ್ಟು ಅಲ್ಲ, ತಮ್ಮತಮ್ಮಲ್ಲೇ ಮಾತಾಡೋವಾಗ ಅನ್ಬೇಕು. ಕಂಪ್ಯೂಟರ್ ಅದನ್ನ ಕೇಳಿಸ್ಕೊಂಡು ಎಣಿಸುತ್ತೆ. ಶನಿವಾರ ಐದು ಗಂಟೆಗೆ ಕೊನೆ."

"ಆಗ್ಲಿಲ್ಲ ಅಂದ್ರೆ ಮೇಡಂ?"

"ನಿನ್ನ ನಾಡು ಮುಗೀತು. ಜನ ಕೊಟ್ರೇಶನ ಲೆಕ್ಕಕ್ಕೆ ಹೋಗ್ತಾರೆ. ಖಾಲಿ ಗಂಟು ಇಟ್ಕೊಂಡು. ಎರಡು ನಾಡಿನ ನೆನಪು ಒಟ್ಟಿಗೆ ಇಡೋಕೆ ಸರ್ವರಲ್ಲಿ ಜಾಗ ಇಲ್ಲಮ್ಮ. ನಾನೇ ಬರೆದ ನಿಯಮ, ನಿನಗೊಬ್ಬಳಿಗೆ ಬದಲಾಯಿಸಿದ್ರೆ ಪ್ರಯೋಗ ಕೆಡುತ್ತೆ."

ಖಾಲಿ ಗಂಟು. ಇಪ್ಪತ್ತು ವರ್ಷದ್ದೆಲ್ಲ ಅಳಿಸಿ.

ಬಾಳವ್ವ ಇದಾಳಲ್ಲ, ಅವಳು ಮೊದ್ಲ ದಿನ ಬಂದಾಗ ಹತ್ತು ವರ್ಷದ ಹುಡುಗಿ. "ದೊರೆಸಾನಿ, ಮಡಕೆ ಯಾಕೆ ದುಂಡಗಿರುತ್ತೆ?" ಅಂತ ಕೇಳಿದ್ಲು. ನಂಗೇನು ಗೊತ್ತು? "ನೀನೇ ಚೌಕ ಮಾಡಿ ನೋಡು" ಅಂದೆ. ಮಾಡಿದ್ಲು! ಸುಡೋವಾಗ ಮೂಲೆಗಳು ಬಿರುಕು ಬಿಟ್ವು. ಮಾರನೇ ದಿನ ಬಂದು "ತಿಳೀತು" ಅಂದ್ಲು. ಈಗ ಅವಳಿಗೆ ಮೂವತ್ತು, ಎರಡು ಮಕ್ಕಳು, ಹೊಂಬಾಳಿನ ಅರ್ಧ ಮಡಕೆ ಅವಳದ್ದೇ. ಅವಳು ಪ್ರೋಗ್ರಾಮು ಅಂತ ನಂಗೆ ಗೊತ್ತು ರೀ. ಗೊತ್ತಿದ್ರೂ.

ಅವತ್ತು ನಾಲ್ಕು ಗಂಟೆಗೆ ಅವಳೇ ಮೊದ್ಲು ಬಂದ್ಲು. ಬಯಲಲ್ಲಿ ಹೊಗೆ ಏಳ್ತಿತ್ತು, ಹಿಂದೆ ಯಾರೋ ನಗ್ತಿದ್ರು.

"ದೊರೆಸಾನಿ, ಸಂಜೆ ಆಯ್ತಾ?" ಅಂದ್ಲು.

"ಇನ್ನೂ ಇಲ್ಲ ಬಾಳವ್ವಾ" ಅಂದೆ. ಬೇರೆ ಏನು ಹೇಳೋದು?

"ಸರಿ, ಹಂಗಾದ್ರೆ ಇನ್ನೊಂದು ಒಲೆ ಹೂಡ್ತೀವಿ" ಅಂದು ಹೋದ್ಲು.

ಮಾರನೇ ದಿನ ನಾನು ಎಲ್ಲ ಆಟಗಾರರು ಮಾಡೋದನ್ನೇ ಮಾಡಿದೆ. ಯುದ್ಧ! ಮುಬೀನಾ ನಕ್ಷೆ ಬರೆದ್ಲು, ನಾನು ಗಂಟಲು ದಪ್ಪ ಮಾಡ್ಕೊಂಡು ಅಪ್ಪಣೆ ಕೊಟ್ಟೆ. ನನ್ನ ಸೇನಾಪತಿ ತುಂಬ ಮರ್ಯಾದೆಯಿಂದ ಕೈ ಮುಗಿದ.

"ಹೊರಬೀಡಲ್ಲಿ ಕತ್ತಿ ಹಿಡಿಯಂಗಿಲ್ಲ ದೊರೆಸಾನಿ. ನೀವೇ ಹೇಳಿದ್ರಲ್ಲ."

"ನಾನಾ? ಯಾವಾಗ?"

"ಅವತ್ತೇ. ಕಬ್ಬಿಣ ಮುಟ್ಟಬಾರ್ದು, ನೇಗಿಲು ಹೂಡಬಾರ್ದು, ಜಗಳ ಆಡಬಾರ್ದು ಅಂದ್ರಿ."

ಹೌದು, ಅಂದಿದ್ದೆ. ಅಜ್ಜಿ ಹೇಳಿದ್ದನ್ನ ಒಂದಕ್ಷರ ಬಿಡ್ದೆ ಒಪ್ಪಿಸಿದ್ದೆನಲ್ಲ, ನನ್ನ ಬಾಯಿಗೆ ಬೀಗ ಹಾಕ!

ಮೂರನೇ ದಿನ ಹೊಸ ಊರು ಕಟ್ಟಿಸೋಣ ಅಂತ ಹೊರಟೆ. ಎರೆಗುಡ್ಡದ ಮೇಲೆ ಒಳ್ಳೆ ಜಾಗ ಇತ್ತು. ಕೆಂಪು ಹೆಂಚು, ಅಗಲ ರಸ್ತೆ, ನಾಲ್ಕು ಬಾವಿ. ಪಾಪ, ಕೆಲಸಕ್ಕೆ ಕರೆದ್ರೆ ಬಂದ್ರು. ಹಗಲೆಲ್ಲ ಕಲ್ಲು ಹೊತ್ರು. ಸಂಜೆ ಆದ್ರೆ ಗುಡ್ಡ ಇಳಿದು ಬಯಲಿಗೇ ಹೋಗಿ ಒಲೆ ಮುಂದೆ ಕೂತ್ರು. ಎಣಿಕೆ ನೋಡಿದ್ರೆ ನೂರಕ್ಕೆ ಒಂಬತ್ತು. ಮರುದಿನ ಹನ್ನೊಂದು. ಮೇಡಂ ಎಣಿಕೆ ಹಿಂದಿರೋ ಮಾತುಗಳನ್ನ ಕೇಳಿಸಿದ್ರು. ಗುಡ್ಡಕ್ಕೆ ಉಳಿದೋರೆಲ್ಲ ಇಟ್ಟಿರೋ ಹೆಸರು 'ದೊರೆಸಾನಿ ಕೆಲಸ'. "ಎಲ್ಲಿಗೆ ಹೊಂಟೆ?" "ದೊರೆಸಾನಿ ಕೆಲಸಕ್ಕೆ." ನಮ್ಮೂರು ಅಂತ ಅವರಲ್ಲಿ ಒಬ್ರೂ ಅನ್ನಲ್ಲ.

ಬೇಜಾರಲ್ಲಿದ್ರಾ ಅಂದ್ರೆ ಅದೂ ಇಲ್ಲ! ಅದೇ ನಂಗೆ ವಿಚಿತ್ರ. ಮೂರು ತಿಂಗಳಿಂದ ಬಯಲಲ್ಲಿದಾರೆ, ಮಳೆಗೆ ಚಪ್ಪರ ಹಾಕ್ಕೊಂಡಿದಾರೆ, ಹಾಡು ಕಟ್ಟಿದಾರೆ, ಎರಡು ಮದುವೆ ಆಗಿದೆ. ದಿನಾ ಬಾಳವ್ವ ಬರ್ತಾಳೆ. "ದೊರೆಸಾನಿ, ಸಂಜೆ ಆಯ್ತಾ?"

ನಾಲ್ಕನೇ ದಿನ ಮುಬೀನಾ ಪೆನ್ನು ಕಚ್ತಾ ಕೂತಿದ್ದೋಳು ತಟ್ಟನೆ ನೆಟ್ಟಗಾದ್ಲು. "ಲೇ ಹಂಸಾ. ಇವರು ಊರು ಕಳ್ಕೊಂಡಿಲ್ಲ ಕಣೇ."

"ಮತ್ತೆ?"

"ಇನ್ನೂ ಹೊರಬೀಡಲ್ಲೇ ಇದಾರೆ. ನೀನು ಸಂಜೆ ಆಯ್ತು ಅಂದಿಲ್ಲ, ಇವರು ಹೊಸ್ತಿಲು ದಾಟಿಲ್ಲ. ಇವರ ಪ್ರಕಾರ ಅವತ್ತಿನ ದಿನಾನೇ ಮುಗಿದಿಲ್ಲ! ಹೊರಗಿರೋರು ಯಾವ ಜಾಗಕ್ಕೆ ನಮ್ಮೂರು ಅಂತಾರೆ ಹೇಳು?"

ಮೇಡಂ ಕನ್ನಡಕ ಕಣ್ಣಿಗೆ ಇಳಿಸಿದ್ರು. ಅಂದ್ರೆ ಅವರಿಗೂ ಅರ್ಥ ಆಯ್ತು ಅಂತ.

ಹೊರಬೀಡು ಮುಗಿಸ್ಬೇಕು ಅಂದ್ರೆ ವಾಪಸ್ ಹೋಗ್ಬೇಕು. ವಾಪಸ್ ಹೋಗೋ ಊರು ಕೊಟ್ರೇಶನ ಹತ್ರ ಇದೆ. ಈಗ?

ಮನೆಗೆ ಬಂದ್ರೆ ಅವ್ವ ಮುಂದಿನ ಕೋಣೇಲಿ ಸೀರೆಗೆ ಫಾಲ್ ಹಾಕ್ತಾ ಕೂತಿದ್ಲು, ಮೆಷಿನ್ ಮೇಲೆ ಇನ್ನೂ ಏಳೆಂಟು ಸೀರೆ. ಅಜ್ಜಿ ಕೆಳಗೆ ಕಾಲು ಚಾಚ್ಕೊಂಡು ಶೇಂಗಾ ಸುಲೀತಿದ್ಲು. ಅಜ್ಜಿ ಸುಲಿದಿದ್ರಲ್ಲಿ ಅರ್ಧ ಬುಟ್ಟಿಗೆ, ಅರ್ಧ ಬಾಯಿಗೆ.

"ಯಾಕೆ ಮುಖ ಹಿಂಗೆ? ಫೇಲಾದ್ಯಾ?" ಅಂದ್ಲು ಅವ್ವ.

"ಇಲ್ಲವ್ವ. ರಾಜಧಾನಿ ಹೋಯ್ತು."

"ಹೋದ್ರೆ ಹೋಗ್ಲಿ, ಊಟ ಮಾಡು" ಅಂದ್ಲು. ಅವ್ವ ಯಾವುದಕ್ಕೂ ಹಂಗೇ.

ನಾನು ಅಜ್ಜಿ ಪಕ್ಕ ಕೂತು ಕೇಳಿದೆ. "ಅಜ್ಜೀ, ಹೊರಬೀಡಿಗೆ ಹೋದೋರಿಗೆ ಸಂಜೆ ವಾಪಸ್ ಬರೋಕೆ ಆಗ್ಲೇ ಇಲ್ಲ ಅಂದ್ರೆ ಏನು ಮಾಡ್ತಾರೆ?"

"ಯಾಕಾಗಲ್ಲ?"

"ಯಾವುದೋ ಕಾರಣ. ಊರೊಳಗೆ ಹೋಗೋ ಹಂಗೇ ಇಲ್ಲ ಅನ್ಕೋ."

ಅಜ್ಜಿ ಕೈ ನಿಂತ್ವು. "ಆಗಿತ್ತಲ್ಲ ಒಂದು ಸಲ. ನಂಗಾಗ ಹನ್ನೊಂದು ವರ್ಷ. ನಾವೆಲ್ಲ ಬಯಲಾಗೆ ರೊಟ್ಟಿ ಉಣ್ತಾ ಕುಂತೀವಿ, ಈ ಕಡೆ ಹೊಳೆ ಏರ್ತು ನೋಡು. ಸಂಜೆ ಅನ್ನೋದ್ರೊಳಗೆ ಓಣಿ ಓಣಿಯಾಗೆ ಸೊಂಟದ ಮಟ ನೀರು. ಪುಣ್ಯಕ್ಕೆ ಊರಾಗೆ ಒಂದು ಕೋಳಿನೂ ಇರ್ಲಿಲ್ಲ."

"ಆಮೇಲೆ?"

"ಆಮೇಲೇನು. ನೀರು ಇಳೀಲಿಲ್ಲ, ಮಣ್ಣಿನ ಗೋಡೆ ಒಂದೊಂದೇ ಕುಸೀತಾ ಬಂದ್ವು. ಹೊರಬೀಡು ಮುಗೀದೆ ಬೇರೆ ಕಡಿ ಮನಿ ಹೂಡಂಗಿಲ್ಲ. ನಮ್ಮಪ್ಪ, ಕಾಕಾ, ಓಣಿ ಗಂಡಸ್ರೆಲ್ಲ ಕಬ್ಬಿಣ ಮುಟ್ಟಬಾರ್ದು ಅನ್ನೋದೂ ಬಿಟ್ಟು ಹಾರೆ ತಗಂಡು ನೀರಿಗಿಳಿದ್ರು. ಹೊಸ್ತಿಲು ಕಿತ್ಕೊಂಡ್ ಬಂದ್ರು."

"ಏನು ಕಿತ್ಕೊಂಡ್ ಬಂದ್ರು?"

"ಹೊಸ್ತಿಲೇ ಹುಡುಗಿ! ಕಟ್ಟಿಗೆ ಹೊಸ್ತಿಲು. ಒಬ್ಬೊಬ್ರು ಒಂದೊಂದು ಹೆಗಲ ಮ್ಯಾಲೆ ಹೊತ್ಕೊಂಡು. ದಿಬ್ಬದ ಮ್ಯಾಲೆ ಓಣಿ ಪ್ರಕಾರ ಸಾಲಾಗಿ ಇಟ್ರು. ನಮ್ದು, ಪಕ್ಕಕ್ಕೆ ಗೌಡ್ರದು, ಎದುರಿಗೆ ಬಡಗೇರದು. ಗೋಡಿ ಇಲ್ಲ, ಮ್ಯಾಲೆ ಸೂರಿಲ್ಲ, ಬಯಲಾಗೆ ಬರೇ ಹೊಸ್ತಿಲು. ನಮ್ಮವ್ವ ಅರಿಶಿಣ ಹಚ್ಚಿ ಬಲಗಾಲಿಟ್ಟು ದಾಟಿದ್ಲು, ಆ ಕಡಿ ಕುಂತು ರೊಟ್ಟಿ ತಟ್ಟಿದ್ಲು. ನಾನು ಆಡ್ತಾ ಆಡ್ತಾ ಮರೆತು ಪಕ್ಕದಿಂದ ಬಂದ್ಬಿಟ್ಟೆ. ಬೆನ್ನಿಗೊಂದು ಬಿತ್ತು ನೋಡು! 'ಬಾಗ್ಲಿದ್ರೂ ಗೋಡಿ ಹಾಯ್ದು ಬರ್ತೀಯೇನೇ' ಅಂತ!"

ಅವ್ವ ಮೆಷಿನ್ ನಿಲ್ಲಿಸಿ ನಗೋಕೆ ಶುರು ಮಾಡಿದ್ಲು. ಅಜ್ಜಿನೂ ನಕ್ಲು, ಬೆನ್ನು ಈಗಲೂ ಉರಿಯೋ ಹಂಗೆ ಕೈ ಹಿಂದೆ ಹಾಕಿ ಸವರ್ಕೊಂಡ್ಲು.

ನಾನು ಅಜ್ಜಿ ಕೆನ್ನೆಗೆ ಮುತ್ತು ಕೊಟ್ಟು ಎದ್ದೆ. ಶೇಂಗಾ ಬುಟ್ಟಿ ಉರುಳ್ತು, ಬೈಸ್ಕೊಂಡೆ.

ಮಾರನೇ ದಿನ ಕ್ಯಾಂಟೀನಲ್ಲಿ ಕೊಟ್ರೇಶನ್ನ ಹಿಡಿದೆ. ಪೇಪರ್ ಮೇಲೆ ಮಂಡಕ್ಕಿ ಮಿರ್ಚಿ ಹರಡ್ಕೊಂಡು ಕೂತಿದ್ದ.

"ಬಾ ಮಹಾರಾಣಿ, ಕೂತ್ಕೋ. ಒಂದೇ ಮಾತು ಹೇಳ್ತೀನಿ, ಊರು ವಾಪಸ್ ಕೊಡು ಅಂತ ಮಾತ್ರ ಕೇಳ್ಬೇಡ. ಎಂಟು ತಿಂಗಳಲ್ಲಿ ನಾನು ಗೆದ್ದಿರೋದು ಇದೊಂದೇ."

"ಊರು ಬೇಡ. ಹೊಸ್ತಿಲು ಕೊಡು."

ಮಿರ್ಚಿ ಬಾಯಿ ಹತ್ರನೇ ನಿಂತ್ಕೊಂತು. "ಏನ್ ಕೊಡು?"

"ಹೊಸ್ತಿಲು. ಆರುನೂರು ಇದಾವೆ. ನಾಳೆ ಎರಡು ಗಂಟೆಗೆ ನಿನ್ನ ಅಗಸೆ ಬಾಗಿಲು ತೆಗಿ, ಅವರ ಲೆಕ್ಕದಲ್ಲಿ ಎರಡು ದಿನ ತೆಗೆದಿರ್ಲಿ. ನನ್ನೋರು ಗಾಡಿ ತರ್ತಾರೆ, ಕಿತ್ಕೊಂಡು ಹೋಗ್ತಾರೆ."

"ಬಾಗಿಲು?"

"ಬಾಗಿಲು ನೀನೇ ಇಟ್ಕೋ."

ಅವನು ಮಿರ್ಚಿ ವಾಪಸ್ ಪೇಪರ್ ಮೇಲೆ ಇಟ್ಟ. "ಏನೋ ಮೋಸ ಇದೆ ಇದ್ರಲ್ಲಿ. ಗಾಡಿಯೊಳಗೆ ಸೈನಿಕರನ್ನ ಅಡಗಿಸಿ ತರ್ತೀಯಾ."

"ನನ್ನ ಸೈನಿಕರು ಕತ್ತಿನೇ ಮುಟ್ಟಲ್ಲ ಕಣೋ! ಬೇಕಿದ್ರೆ ಕಾವಲಿಗೆ ಜನ ಹಾಕು."

"ಹಾಕ್ತೀನಿ. ಅರವತ್ತು ಜನ ಹಾಕ್ತೀನಿ." ಆಮೇಲೆ ದನಿ ಸ್ವಲ್ಪ ಇಳಿಸಿದ. "ಒಂದ್ ವಿಷ್ಯ ಹೇಳ್ತೀನಿ, ಯಾರಿಗೂ ಹೇಳ್ಬೇಡ. ನನ್ನೋರು ನಿನ್ನ ಮನೆಗಳಲ್ಲಿ ಮಲಗಲ್ಲ. ರಸ್ತೇಲೇ ಮಲಗ್ತಾರೆ. ದಿನಾ ಬಂದು ಕೇಳ್ತಾರೆ, 'ದೀಪ ಹಚ್ಚಿಟ್ಟು ಹೋಗಿದಾರಲ್ಲ, ಅವರು ಯಾವಾಗ ಬರ್ತಾರೆ' ಅಂತ. ಏನಂತ ಹೇಳ್ಲಿ ನಾನು?"

ನಾನು ಒಂದು ಮಿರ್ಚಿ ತಗೊಂಡೆ. ಅವನು ಬೇಡ ಅನ್ಲಿಲ್ಲ.

ಶನಿವಾರ. ಎರಡು ಗಂಟೆ. ಲ್ಯಾಬಲ್ಲಿ ನಾನು, ಮುಬೀನಾ, ಮೇಡಂ ಮೂರೇ ಜನ. ಕೊಟ್ರೇಶ ಬಾಗಿಲು ತೆಗೆಯೋ ಅಪ್ಪಣೆ ಕೊಟ್ಟು ಮ್ಯಾಚಿಗೆ ಓಡಿದ್ದ.

ಅಗಸೆ ತೆಗೀತು. ನನ್ನ ಜನ ಸಾಲಾಗಿ ಗಾಡಿ ಹೊಡ್ಕೊಂಡು ಒಳಗೆ ಹೋದ್ರು. ಹೊರಬೀಡಲ್ಲಿ ಕಬ್ಬಿಣ ಮುಟ್ಟಂಗಿಲ್ಲ, ಹಾರೆ ಇಲ್ಲ! ಇದನ್ನ ನಾನು ಯೋಚನೆನೇ ಮಾಡಿರ್ಲಿಲ್ಲ. ಅವರು ಮಾಡಿದ್ರು. ಮರದ ಗೂಟ, ಹಗ್ಗ, ಎತ್ತು. ಒಂದು ಹೊಸ್ತಿಲು ಬಂತು. ಎರಡು. ಹತ್ತು. ಕೊಟ್ರೇಶನ ಸೈನಿಕರು ಮೊದ್ಲು ಈಟಿ ಹಿಡ್ಕೊಂಡು ನೋಡ್ತಾ ನಿಂತಿದ್ರು. ಒಬ್ಬ ಮುದುಕಿ ಕೈಲಿ ಎತ್ತೋಕಾಗ್ಲಿಲ್ಲ ಅಂತ ಒಬ್ಬ ಈಟಿ ಗೋಡೆಗೆ ಒರಗಿಸಿ ಒಂದು ತುದಿ ಹಿಡ್ಕೊಂಡ. ಆಮೇಲೆ ಎಲ್ರೂ ಈಟಿ ಒರಗಿಸಿದ್ರು.

"ಯುದ್ಧದಲ್ಲಿ ಇದಕ್ಕೆ ಏನಂತಾರೆ ಮೇಡಂ?" ಅಂದ್ಲು ಮುಬೀನಾ.

"ಸುಮ್ನಿರು, ನೋಡೋಕೆ ಬಿಡು" ಅಂದ್ರು ಮೇಡಂ. ಅವರ ಟೀ ಮೇಲೆ ಕೆನೆ ಕಟ್ಟಿತ್ತು.

ಮೂರೂವರೆ ಹೊತ್ತಿಗೆ ಬಯಲಲ್ಲಿ ಆರುನೂರು ಹೊಸ್ತಿಲು. ಕುಂಬಾರ ಓಣಿ, ಗಾಣಿಗರ ಓಣಿ, ತೇರು ಬೀದಿ ಎಲ್ಲ ಹೆಂಗಿದ್ವೋ ಹಂಗೇ. ಮೇಲಿಂದ ನೋಡಿದ್ರೆ ಯಾರೋ ಊರಿನ ಚಿತ್ರ ಬರೆಯೋಕೆ ಶುರು ಮಾಡಿ ಬರೀ ಕೆಳಗಿನ ಗೆರೆ ಎಳೆದಂಗಿತ್ತು.

ನಾಲ್ಕು ಗಂಟೆಗೆ ಬಾಳವ್ವ ಬಂದ್ಲು. "ದೊರೆಸಾನಿ, ಸಂಜೆ ಆಯ್ತಾ?"

ನಾನು ಮೈಕ್ ಹತ್ರ ಎಳ್ಕೊಂಡೆ. "ಆಯ್ತು ಬಾಳವ್ವಾ. ಸಂಜೆ ಆಯ್ತು. ಎಲ್ರೂ ಮನೆಗೆ ಹೋಗಿ."

ಹೋದ್ರು ನೋಡಿ! ಅರಿಶಿಣ ಹಚ್ಚಿದ್ರು, ನೀರು ಚಿಮುಕಿಸಿದ್ರು, ಬಲಗಾಲಿಟ್ಟು ದಾಟಿದ್ರು. ಗೋಡೆ ಇಲ್ಲದ ಮನೆಯೊಳಗೆ ಬಗ್ಗಿ ಬಗ್ಗಿ ಹೋಗ್ತಾರೆ, ಬಾಗಿಲು ಗಿಡ್ಡ ಇತ್ತಲ್ಲ, ಆ ಅಭ್ಯಾಸ! ಎಣಿಕೆ ಏರೋಕೆ ಶುರುವಾಯ್ತು. ಇಪ್ಪತ್ತು. ಮೂವತ್ತೈದು. ಐವತ್ತು. ಮುಬೀನಾ ನನ್ನ ಕೈ ಹಿಂಡ್ತಿದ್ಲು. ಐವತ್ತೆಂಟು.

ಐವತ್ತೆಂಟು.

ಐವತ್ತೆಂಟರಲ್ಲೇ ನಿಂತ್ಹೋಯ್ತು. ನಾಲ್ಕೂ ಹತ್ತು.

"ಹಾಳಾಯ್ತಾ? ಹ್ಯಾಂಗ್ ಆಯ್ತಾ ಮೇಡಂ?"

"ಇಲ್ಲಮ್ಮ, ಸರಿಯಾಗೇ ಎಣಿಸ್ತಿದೆ."

ಬಾಳವ್ವ ಇನ್ನೂ ಸ್ಕ್ರೀನಲ್ಲೇ ಇದ್ಲು. ಪಕ್ಕದಲ್ಲಿ ಇಬ್ಬರು ಮಕ್ಕಳು. ಹಿಂದೆ ಬಯಲಲ್ಲಿ ಇನ್ನೂ ತುಂಬಾ ಜನ, ಅಂಗಳದಾಚೆ ನಿಂತ ಹಂಗೆ ನಿಂತಿದ್ರು.

"ನೀನ್ಯಾಕೆ ಹೋಗ್ಲಿಲ್ಲ ಬಾಳವ್ವಾ?"

"ನಮ್ಗೆಲ್ಲಿದೆ ದೊರೆಸಾನಿ ಹೊಸ್ತಿಲು?" ಅಂದ್ಲು. ಬೇಜಾರೇನೂ ಇರ್ಲಿಲ್ಲ ದನೀಲಿ, ಮಡಕೆ ಯಾಕೆ ದುಂಡಗಿರುತ್ತೆ ಅಂತ ಕೇಳಿದಂಗೇ ಕೇಳಿದ್ಲು. "ನಾವು ಮಡಕೆ ಸುಡೋ ಆವಿಗೆ ಪಕ್ಕ ಮಲಗೋರು. ಇವರು ಸಂತೆ ಕಟ್ಟೆ ಮೇಲೆ. ಅವರು ಗಾಡಿ ಕೆಳಗೆ, ಛತ್ರದಾಗೆ. ನಮ್ಗೆ ಬಾಗ್ಲೇ ಇರ್ಲಿಲ್ಲ."

ಇಪ್ಪತ್ತು ವರ್ಷ! ಕಣಜ ಎಷ್ಟು ತುಂಬ್ತು, ಕೋಟೆ ಎಷ್ಟೆತ್ತರ ಆಯ್ತು ಅಂತ ದಿನಾ ನೋಡ್ತಿದ್ದೆ. ಸಾವಿರದ ಎಂಟುನೂರು ಜನ ಎಲ್ಲಿ ಮಲಗ್ತಾರೆ ಅಂತ ಒಂದಿನ ಕೇಳಿರ್ಲಿಲ್ಲ. ದಿನಾ ನನ್ನ ಜೊತೆ ಮಾತಾಡೋಳು, ಅವಳಿಗೆ ಮನೆ ಇಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ.

"ಈಗ್ಲೇ ಅಪ್ಪಣೆ ಕೊಟ್ಬಿಡು, ಮನೆ ಕಟ್ಟಲಿ" ಅಂದ್ಲು ಮುಬೀನಾ. "ಇಲ್ಲ, ಬೇಡ ಬೇಡ! ದೊರೆಸಾನಿ ಕೆಲಸ ಆಗ್ಬಿಡುತ್ತೆ!"

ಹೌದಲ್ಲ. ನಾನು ಮೈಕ್ ಒತ್ತಿದೆ. ಏನು ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ, ಅದನ್ನೇ ಹೇಳಿದೆ.

"ನಂಗೊತ್ತಿಲ್ಲ ಬಾಳವ್ವಾ. ನಿಮಗೆ ಬಾಗ್ಲಿಲ್ಲ ಅನ್ನೋದೂ ಗೊತ್ತಿರ್ಲಿಲ್ಲ. ತಪ್ಪು ನಂದೇ. ಏನು ಮಾಡೋದು ಅಂತ ನೀವೇ ಹೇಳಿ."

ಅವಳು ಮಕ್ಕಳ ಕೈ ಹಿಡ್ಕೊಂಡು ಹೋಗ್ಬಿಟ್ಲು.

ನಾಲ್ಕೂ ಇಪ್ಪತ್ತು. ನಾಲ್ಕೂವರೆ. ಬಯಲಲ್ಲಿ ಬಾಗಿಲಿಲ್ದೋರೆಲ್ಲ ಗುಂಪು ಸೇರಿ ಮಾತಾಡ್ತಿದ್ರು, ಕೈ ಬೀಸ್ತಿದ್ರು, ಯಾರೋ ಇಬ್ರು ವಾದ ಮಾಡ್ತಿದ್ರು. ಹೊರಬೀಡು ಮುಗಿದೋರು ಅಡುಗೆ ಶುರು ಮಾಡಿದ್ರು. ನಂಗೆ ಮೈಕ್ ಮುಟ್ಟೋಕೆ ಕೈ ತುರಿಸ್ತಿತ್ತು. ಮುಬೀನಾ ಮೈಕನ್ನ ತನ್ನ ದುಪಟ್ಟಾದೊಳಗೆ ಸುತ್ತಿ ತೊಡೆ ಮೇಲೆ ಇಟ್ಕೊಂಡ್ಲು.

ಆಗ ಎದ್ರು ಅವರು. ಬಯಲಿನ ಆ ತುದೀಲಿ ಒಂದು ಹುಣಸೆ ಮರ ಬಿದ್ದಿತ್ತು. ಐದು ತಿಂಗಳಿಂದ ಅದ್ರ ಮೇಲೇ ಕೂತು ಉಂಡಿದ್ರು, ಅದಕ್ಕೇ ಒರಗಿ ಮಲಗಿದ್ರು. ನೂರಾರು ಜನ ಹಗ್ಗ ಹಾಕಿ ಎಳೆದ್ರು. ಅಲ್ಲಾಡ್ಲಿಲ್ಲ. ಗಾಡಿ ಜೊತೆ ಬಂದಿದ್ದ ಕೊಟ್ರೇಶನ ಸೈನಿಕರು ಹಿಂದಿಂದ ಹೆಗಲು ಕೊಟ್ರು. ಅಲ್ಲಾಡ್ತು! ಊರ ಅಂಚಿಗೆ, ಕೊನೇ ಓಣಿ ಪಕ್ಕಕ್ಕೆ ಅಡ್ಡಡ್ಡ ತಂದು ಮಲಗಿಸಿದ್ರು. ಬಾಳವ್ವ ಅರಿಶಿಣದ ಮಡಕೆ ತಂದ್ಲು. ಆ ತುದಿಯಿಂದ ಈ ತುದಿಗೆ ಹಚ್ಚೋಕೆ ಹತ್ತು ಹೆಂಗಸರು ಬೇಕಾಯ್ತು. ಒಂದೇ ಹೊಸ್ತಿಲು, ಎಲ್ರಿಗೂ.

ಮರ ದಪ್ಪ ಇತ್ತು, ದಾಟೋದು ಸುಲಭ ಇರ್ಲಿಲ್ಲ. ಮಕ್ಕಳನ್ನ ಎತ್ತಿ ದಾಟಿಸಿದ್ರು. ಮುದುಕರನ್ನ ಇಬ್ರಿಬ್ರು ಹಿಡಿದ್ರು. ಒಬ್ಬ ಎಡಗಾಲಿಟ್ಟ ಅಂತ ವಾಪಸ್ ಕಳಿಸಿ ಮತ್ತೆ ದಾಟಿಸಿದ್ರು!

ಬಾಳವ್ವ ಕೊನೆಗೆ ದಾಟಿದ್ಲು. ಆ ಕಡೆ ನಿಂತು ಸೆರಗಿಂದ ಕೈ ಒರೆಸ್ಕೊಂಡು ಪಕ್ಕದೋಳಿಗೆ ಏನೋ ಅಂದ್ಲು. ಮೇಡಂ ಬೇಗ ಬೇಗ ಸದ್ದು ಏರಿಸಿದ್ರು.

"ನಮ್ಮೂರಲ್ಲಿ ನೀರು ಸ್ವಲ್ಪ ದೂರ ಆಯ್ತು ಕಣೇ."

ಅರವತ್ತು. ಅರವತ್ತೇಳು. ಎಪ್ಪತ್ತು. ಎಂಬತ್ತು. ನಾನು ಮುಬೀನಾನ ತಬ್ಕೊಂಡು ಕುಣೀತಿದ್ದೆ, ಕುರ್ಚಿ ಬಿತ್ತು, ಮೈಕ್ ಬಿತ್ತು. ಐದು ಗಂಟೆಗೆ ತೊಂಬತ್ತೊಂದು! ನಾಡು ಉಳೀತು. ಗಂಟು ಒಂದೂ ಬಿಚ್ಚಲಿಲ್ಲ.

ಮೇಡಂ ಕಣ್ಣು ಒರೆಸ್ಕೊಂಡು "ಧೂಳು" ಅಂದ್ರು. ಎಸಿ ರೂಮಲ್ಲಿ ಧೂಳು! ಆಮೇಲೆ ಕನ್ನಡಕ ಮತ್ತೆ ತಲೆ ಮೇಲೆ ಹೋಯ್ತು.

"ಹಂಸವೇಣಿ, ನಿನ್ನ ಜನ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಅಲ್ವಾ? ಇಲ್ಲಿ ಅರವತ್ತು ಜಾಸ್ತಿ ತೋರಿಸ್ತಿದೆಯಲ್ಲ."

ನಾವು ಮೂವರೂ ಸ್ಕ್ರೀನಿಗೆ ಅಂಟ್ಕೊಂಡ್ವಿ. ಹುಣಸೆ ಮರದ ಆ ಕಡೆ, ಬಾಳವ್ವನ ಒಲೆ ಸುತ್ತ, ಕೆಂಪು ರುಮಾಲಿನ ಅರವತ್ತು ಗಂಡಸರು ಸಾಲಾಗಿ ಕೂತು ಉಣ್ತಿದ್ರು. ಅವರಿಗೂ ಯಾವತ್ತೂ ಬಾಗಿಲಿರ್ಲಿಲ್ಲ ಅಂತ ಕಾಣುತ್ತೆ.

ಅಷ್ಟರಲ್ಲಿ ಫೋನ್ ಬಂತು.

"ಹಂಸಾ, ನನ್ನ ಅರವತ್ತು ಜನ ಎಲ್ಲೇ? ಮ್ಯಾಚ್ ಮುಗಿಸಿ ಈಗ ಫೋನಲ್ಲಿ ನೋಡ್ತೀನಿ, ಈಟಿ ಎಲ್ಲ ಗೋಡೆಗೆ ಒರಗಿದಾವೆ, ಜನ ಇಲ್ಲ!"

"ಇಲ್ಲಿದಾರೆ. ಊಟ ಮಾಡ್ತಿದಾರೆ."

"ವಾಪಸ್ ಕಳ್ಸು!"

"ನಾನು ಕರ್ಕೊಂಡ್ ಬಂದಿಲ್ಲ ಕಣೋ. ಅವರಾಗೇ ದಾಟಿದಾರೆ. ಇಲ್ಲಿಗೆ ನಮ್ಮೂರು ಅಂತಿದಾರೆ, ಎಣಿಕೇಲಿ ಬಂದಿದೆ."

ಅವನು ನಿಧಾನಕ್ಕೆ ಅಂದ, "ಉಳಿದೋರೂ ಅಗಸೆ ಹತ್ರ ನಿಂತು ನಿಮ್ಮ ಕಡೆನೇ ನೋಡ್ತಿದಾರೆ ಮಾರಾಯ್ತಿ. ಮೂರು ಸಾವಿರ ಜನ. ಗಂಟು ಮೂಟೆ ಕಟ್ಟಿದಾರೆ. ಏನೇ ಮಾಡ್ಲಿ ನಾನು?"

ನಾನು ಸ್ಕ್ರೀನ್ ನೋಡಿದೆ. ಬಾಳವ್ವ ಅರವತ್ತನೇ ಎಲೆಗೆ ಬಡಿಸ್ತಿದ್ಲು. ಅನ್ನ ಸಾಲ್ದೆ ಇನ್ನೊಂದು ಮಡಕೆ ಒಲೆ ಮೇಲೆ ಇಟ್ಟಿದ್ಲು.

"ಅವರನ್ನೇ ಕೇಳೋಣ. ನಾಳೆ ಬೆಳಿಗ್ಗೆ ಹತ್ತಕ್ಕೆ ಲ್ಯಾಬಿಗೆ ಬಾ."

"ನಾಳೆ ಭಾನುವಾರ, ಲ್ಯಾಬ್ ತೆಗೀತಾರಾ?"

ಮೇಡಂ ನನ್ನ ಕೈಯಿಂದ ಫೋನ್ ಕಿತ್ಕೊಂಡ್ರು. "ತೆಗೀತೀನಿ. ಹತ್ತು ಅಂದ್ರೆ ಹತ್ತು, ಕೊಟ್ರೇಶ. ಬರೋವಾಗ ನಾಲ್ಕು ಜನಕ್ಕಾಗೋವಷ್ಟು ಮಂಡಕ್ಕಿ ತಗೊಂಡು ಬಾ."